ಕೆಂಪು, ಬಿಳಿ, ಹಸಿರು ಬೋರ್ಡಿಗೆ ಬೇಕರಿಯ ಕುಸ್ವಾರ್ ಪೊಟ್ಟಣ ಸಾಕೇ?

ಡಿಸೆಂಬರ್ ಮೊದಲ ವಾರ ದಾಟುತ್ತಿದ್ದಂತೆ ಮಂಗಳೂರಿನ ಕಂಕನಾಡಿ, ಬಿಜೈ, ಕುಲಶೇಖರ, ವೆಲೆನ್ಸಿಯ ಸುತ್ತಿನ ಬೇಕರಿಗಳಲ್ಲಿ, ಉಡುಪಿ ಕಡೆಗೆ ಬಂದರೆ ಕಲ್ಯಾಣಪುರ, ಸಂತೆಕಟ್ಟೆ, ಶಿರ್ವದ ಅಂಗಡಿಗಳಲ್ಲಿ ಕುಸ್ವಾರ್, ಅಂದರೆ ಕರಾವಳಿಯ ಕ್ರೈಸ್ತರ ಕ್ರಿಸ್‌ಮಸ್ ತಿಂಡಿಗಳ, ಪೊಟ್ಟಣಗಳು ಗಲ್ಲಾದ ಪಕ್ಕದಲ್ಲೇ ಬಂದು ಕೂರುತ್ತವೆ. ಕಿಡ್ಯೊ, ತುಕ್ಡಿ, ಗುಳಿಯೊ, ನೆವ್ರಿ, ಕೊಕ್ಕಿಸಾಂ, ಚಕ್ಕುಲಿ ಎಲ್ಲ ಒಂದೇ ಪೊಟ್ಟಣದಲ್ಲಿ ಕಾಲು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಕ್ರಿಸ್‌ಮಸ್ ಪಾರ್ಟಿಗೆ ಕೆಂಪು, ಬಿಳಿ, ಹಸಿರು ಬಣ್ಣ ಹೊಂದಿಸಿ ಒಂದು ದೊಡ್ಡ ಹಲಗೆಯಲ್ಲಿ, ಅಂದರೆ ಬೋರ್ಡಿನಲ್ಲಿ, ತಿಂಡಿ ಜೋಡಿಸಿಡುವ ರೂಢಿಯೂ ಈಗ ನಮ್ಮ ಊರಿಗೆ ಬಂದಿದೆ. ಹಾಗಿದ್ದರೆ ಎರಡು ಪೊಟ್ಟಣ ತಂದು ಹಲಗೆಗೆ ಸುರಿದರೆ ಆಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಪೊಟ್ಟಣವನ್ನು ಆ ಒಂದು ಕೆಲಸಕ್ಕೆ ಅಳೆದು ನೋಡುವುದಷ್ಟೇ ಈ ಬರಹದ ಉದ್ದೇಶ.

ಮೊದಲೇ ಹೇಳಿಬಿಡುವುದಾದರೆ, ರುಚಿಗೆ ಪೊಟ್ಟಣ ಒಳ್ಳೆಯದು, ಬೋರ್ಡಿಗೆ ಒಳ್ಳೆಯದಲ್ಲ. ಕಾರಣ ಸರಳ: ಕುಸ್ವಾರ್‌ನ ಬಣ್ಣ ಕಂದು. ಮೈದಾ, ಅಕ್ಕಿಹಿಟ್ಟು, ತೆಂಗಿನ ಹಾಲು ಸೇರಿಸಿ ಎಣ್ಣೆಯಲ್ಲಿ ಕರಿದದ್ದು ಬೇರೆ ಬಣ್ಣಕ್ಕೆ ಬರುವುದೂ ಇಲ್ಲ. ಮಿಶ್ರ ಪೊಟ್ಟಣ ಬಿಚ್ಚಿ ಹರಡಿದರೆ ಮುಕ್ಕಾಲು ಪಾಲು ಕಂದು, ಮೇಲೆ ಅಲ್ಲಲ್ಲಿ ಬಿಳಿ ಸಕ್ಕರೆ. ಹಸಿರು ಇಲ್ಲವೇ ಇಲ್ಲ. ಕೆಂಪು ಇದ್ದರೆ ಅದು ಕೇಕ್ ತುಂಡಿನ ಮೇಲಿನ ಟೂಟಿ ಫ್ರೂಟಿ. ಆದರೆ ಅದೇ ಬೇಕರಿಯಲ್ಲಿ ಬಿಡಿಯಾಗಿ ಕೊಂಡರೆ, ನಾಲ್ಕು ಬಗೆಯನ್ನು ಆರಿಸಿ ತಂದರೆ, ಬೋರ್ಡಿನ ಬಿಳಿಯ ಪಾಲು ಪೂರ್ತಿ ಮತ್ತು ಕೆಂಪಿನ ಅರ್ಧ ಪಾಲು ಅಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಹಣ್ಣಿನ ಅಂಗಡಿ ಮತ್ತು ಸ್ವಲ್ಪ ಅಡುಗೆಮನೆ ಕೆಲಸ ಬೇಕು.

ಮಿಶ್ರ ಪೊಟ್ಟಣದ ಇನ್ನೊಂದು ತೊಂದರೆ ಬಣ್ಣಕ್ಕಿಂತ ದೊಡ್ಡದು. ನೆವ್ರಿಯ ಒಳಗೆ ತೆಂಗಿನಕಾಯಿ ಇರುತ್ತದೆ, ಕೇಕ್ ತುಂಡಿನಲ್ಲಿ ತೇವ ಇರುತ್ತದೆ. ಚಕ್ಕುಲಿ ಮತ್ತು ಕೊಕ್ಕಿಸಾಂ ಒಣಗಿದ ಬತ್ತಿಯಂತೆ ಆ ತೇವವನ್ನು ಹೀರಿಕೊಳ್ಳುತ್ತವೆ. ಒಂದೇ ಪ್ಲಾಸ್ಟಿಕ್ ಒಳಗೆ ಎರಡು ದಿನ ಇದ್ದರೆ ಚಕ್ಕುಲಿ ಮುರಿಯುವುದಿಲ್ಲ, ಬಾಗುತ್ತದೆ. ಚಕ್ಕುಲಿಯ ಖಾರ, ಓಮದ ವಾಸನೆ ಕಿಡ್ಯೊಗೆ ಹತ್ತುತ್ತದೆ. ಪೊಟ್ಟಣದ ತಳದಲ್ಲಿ ಕೊಕ್ಕಿಸಾಂ ಪುಡಿಯಾಗಿರುತ್ತದೆ. ಕೇಕ್ ಸೇರಿಸಿ ಕಟ್ಟಿದ ಪೊಟ್ಟಣವನ್ನಂತೂ ಬೋರ್ಡಿನ ಕೆಲಸಕ್ಕೆ ತರಲೇಬೇಡಿ.

ಬಿಡಿಯಾಗಿ ಕೊಳ್ಳುವಾಗ ಬಿಳಿಯಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಬೋರ್ಡಿನ ಅರ್ಧ ಜಾಗ ಬಿಳಿಗೇ ಹೋಗಬೇಕು. ಮೂರು ಬಣ್ಣವನ್ನು ಸಮಸಮ ಹಾಕಿದರೆ ನೋಡಲು ಗದ್ದಲ. ಬಿಳಿ ಅರ್ಧ, ಕೆಂಪು ಮೂರನೇ ಒಂದು, ಉಳಿದದ್ದು ಹಸಿರು ಎಂಬ ಅಳತೆ ಕಣ್ಣಿಗೆ ಸರಿ ಕೂರುತ್ತದೆ.

ಬಿಳಿಯಲ್ಲಿ ಮುಖ್ಯವಾದದ್ದು ಪಾಕ ಹಾಕಿದ ಕಿಡ್ಯೊ. ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಬಾಚಣಿಗೆ ಅಥವಾ ಫೋರ್ಕ್‌ನ ಬೆನ್ನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡಿದಾಗ ಬರುವ ಗೆರೆಗಳಿಂದ ಬಂದ ಹೆಸರು. ಬೋರ್ಡಿಗೆ ಬೇಕಾದದ್ದೂ ಆ ಗೆರೆಗಳೇ. ಪಾಕ ಸರಿಯಾಗಿ ಹತ್ತಿದ್ದರೆ ಸಕ್ಕರೆ ಗೆರೆಗಳ ತಗ್ಗಿನಲ್ಲಿ ದಟ್ಟವಾಗಿ, ಉಬ್ಬಿನಲ್ಲಿ ತೆಳುವಾಗಿ ಕೂತು, ಹಿಮ ಬಿದ್ದಂತೆ ಕಾಣುತ್ತದೆ. ಕೊಳ್ಳುವ ಮುನ್ನ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೇಲ್ಮೈ ಮಂಕಾಗಿ, ಬೆಳ್ಳಗೆ, ಒಣಗಿ ಇರಬೇಕು. ಹೊಳೆಯುತ್ತಿದ್ದರೆ ಪಾಕ ಎಳೆಯದು. ಮನೆಗೆ ತರುವಷ್ಟರಲ್ಲಿ ಎಲ್ಲ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತದೆ. ಮುರಿದರೆ ಟಕ್ ಎನ್ನಬೇಕು, ನಡುವೆ ಹಸಿ ಹಿಟ್ಟಿನ ಬಿಳಿ ಗೆರೆ ಇರಬಾರದು. ಹಸಿ ಗೆರೆ ಇದ್ದರೆ ಎಣ್ಣೆ ಹೆಚ್ಚು ಕಾದಿತ್ತು, ಹೊರಗೆ ಬೇಗ ಕೆಂಪಾಗಿ ಒಳಗೆ ಬೇಯಲಿಲ್ಲ ಎಂದೇ ಅರ್ಥ. ಅಂಥದ್ದು ನಾಲ್ಕೇ ದಿನದಲ್ಲಿ ಮೆತ್ತಗಾಗುತ್ತದೆ.

ಪಾಕ ಹಾಕದ ಕಿಡ್ಯೊ ಸಿಕ್ಕಿದರೆ ಅದನ್ನೇ ತಂದು ಮನೆಯಲ್ಲಿ ಬೆಳ್ಳಗೆ ಮಾಡಿಕೊಳ್ಳುವುದು ಇನ್ನೂ ಉತ್ತಮ. ಅರ್ಧ ಕಿಲೋ ಕಿಡ್ಯೊಗೆ 200 ಗ್ರಾಂ ಸಕ್ಕರೆ, 80 ಮಿಲಿ ಲೀಟರ್ ನೀರು. ಅಗಲ ಬಾಣಲೆಯಲ್ಲಿ ಕುದಿಸಿ. ಒಂದೆಳೆ ಸಾಲದು, ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗಿನ ಉಂಡೆ ಕಟ್ಟಬೇಕು, ಥರ್ಮಾಮೀಟರ್ ಇದ್ದರೆ 113 ರಿಂದ 115 ಡಿಗ್ರಿ. ಒಲೆ ಆರಿಸಿ, ಕಿಡ್ಯೊ ಸುರಿದು, ಬಿಡದೆ ಮಗುಚುತ್ತಿರಿ. ಮೊದಲ ಎರಡು ನಿಮಿಷ ಏನೂ ಆಗದಂತೆ ಕಾಣುತ್ತದೆ, ಆಮೇಲೆ ಪಾಕ ಇದ್ದಕ್ಕಿದ್ದಂತೆ ಮಂಕಾಗಿ ಬೆಳ್ಳಗಾಗುತ್ತದೆ. ಅಲ್ಲಿಯವರೆಗೆ ಕೈ ನಿಲ್ಲಿಸಬಾರದು, ಏಕೆಂದರೆ ಸಕ್ಕರೆ ಸಣ್ಣ ಹರಳಾಗಿ ಕೂರುವುದು ಮಗುಚುವುದರಿಂದಲೇ. ಪಾಕ ಏರಿದ್ದರೆ ಅದು ಕಿಡ್ಯೊಗೆ ಹತ್ತದೆ ಬಾಣಲೆಯ ತಳದಲ್ಲಿ ಪುಡಿಯಾಗಿ ಉದುರುತ್ತದೆ. ಹಾಗಾದರೆ ಎರಡು ಚಮಚ ನೀರು ಚಿಮುಕಿಸಿ ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ.

ಎರಡನೆಯ ಬಿಳಿ ಮಾಕರೂನ್ ಮತ್ತು ಗೋಡಂಬಿ, ಸಕ್ಕರೆ ಅರೆದು ಮಾಡುವ ಮಾರ್ಜಿಪಾನ್. ಗೋಡಂಬಿ ಮಾಕರೂನ್ ಮೊಟ್ಟೆಯ ಬಿಳಿಭಾಗ ಮತ್ತು ಸಕ್ಕರೆಯ ಮೇಲೆ ನಿಂತ ತಿಂಡಿ, ಕರಾವಳಿಯ ಹವೆಗೆ ಅತಿ ಬೇಗ ಸೋಲುವುದೂ ಅದೇ. ತೆರೆದಿಟ್ಟ ಗಂಟೆಯೊಳಗೆ ಅಂಟಂಟಾಗುತ್ತದೆ. ಅದನ್ನು ಬೋರ್ಡಿಗೆ ಕೊನೆಯಲ್ಲಿ, ಹಣ್ಣಿನಿಂದ ಒಂದು ಗೇಣು ದೂರದಲ್ಲಿ ಇಡಬೇಕು. ಮಾರ್ಜಿಪಾನ್ ಹಾಗಲ್ಲ, ಗೋಡಂಬಿಯ ಎಣ್ಣೆ ಅಂಶ ಅದನ್ನು ಕಾಪಾಡುತ್ತದೆ. ಅಂಗಡಿಗಳಲ್ಲಿ ಅಚ್ಚು ಒತ್ತಿದ ಗುಲಾಬಿ, ಎಲೆ, ಮೀನಿನ ಆಕಾರಗಳು ಸಿಗುತ್ತವೆ, ಹೆಚ್ಚಾಗಿ ಗಾಢ ಗುಲಾಬಿ ಮತ್ತು ಗಿಳಿಹಸಿರು ಬಣ್ಣದಲ್ಲಿ. ನಮ್ಮ ಸಲಹೆ ಬಣ್ಣ ಹಾಕದ ಬಿಳಿಯದ್ದನ್ನೇ ಕೇಳಿ ತರುವುದು. ಹಸಿರು ಬೇಕಿದ್ದರೆ 200 ಗ್ರಾಂ ಬಿಳಿ ಮಾರ್ಜಿಪಾನ್‌ಗೆ ಉಪ್ಪಿಲ್ಲದ ಪಿಸ್ತಾ 50 ಗ್ರಾಂ ನೆನೆಸಿ ಸಿಪ್ಪೆ ತೆಗೆದು, ಒರೆಸಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ ನಾದಿಕೊಳ್ಳಿ. ತಿಳಿಹಸಿರು ಬರುತ್ತದೆ, ರುಚಿಯೂ ಏರುತ್ತದೆ. ಸಿಪ್ಪೆ ತೆಗೆಯದಿದ್ದರೆ ಬರುವುದು ಹಸಿರಲ್ಲ, ಪಾಚಿಯ ಬಣ್ಣ.

ಕೊಕ್ಕಿಸಾಂ, ಅಂದರೆ ಗುಲಾಬಿ ಹೂವಿನ ಅಚ್ಚಿನ ತಿಂಡಿ, ನಿಜಕ್ಕೂ ಬಿಳಿಯಲ್ಲ, ತಿಳಿ ಹೊಂಬಣ್ಣ. ಆದರೂ ಬೋರ್ಡಿನಲ್ಲಿ ಅದಕ್ಕೆ ಜಾಗ ಬೇಕೇ ಬೇಕು. ಅದರ ಜಾಲರಿ ಆಕಾರದ ಮೂಲಕ ಕೆಳಗಿನ ಬಾಳೆಲೆ ಕಾಣುತ್ತದೆ, ಬೇರೆ ಯಾವ ತಿಂಡಿಗೂ ಆ ಗುಣ ಇಲ್ಲ. ಹಗುರ ಬಣ್ಣದ್ದನ್ನೇ ಆರಿಸಿ. ಎರಡು ಬೆರಳಲ್ಲಿ ಹಿಡಿದಾಗ ಬೆರಳಿಗೆ ಎಣ್ಣೆ ಹತ್ತಿದರೆ ಬಿಟ್ಟುಬಿಡಿ. ಮೂಗಿಗೆ ಹಿಡಿದು ನೋಡಿ, ಕಮಟು ವಾಸನೆ ಮೊದಲು ಗೊತ್ತಾಗುವುದು ಇದರಲ್ಲೇ. ತೆಳುವಾದ ತಿಂಡಿಯಾದ್ದರಿಂದ ಎಣ್ಣೆಗೆ ಗಾಳಿ ತಾಗುವ ಮೈ ಜಾಸ್ತಿ.

ನೆವ್ರಿಯನ್ನು ಬಣ್ಣಕ್ಕಾಗಿ ಅಲ್ಲ, ಆಕಾರಕ್ಕಾಗಿ ತನ್ನಿ. ಕರ್ಜಿಕಾಯಿಯಂತೆ ಅರ್ಧಚಂದ್ರ, ಅಂಚಿನಲ್ಲಿ ಮಡಿಕೆ. ಅಂಚು ಬಾಯ್ಬಿಟ್ಟಿದ್ದರೆ ಎಳ್ಳು, ಕಾಯಿ, ಸಕ್ಕರೆಯ ಹೂರಣ ಬೋರ್ಡಿನ ತುಂಬ ಉದುರಿ ಬಿಳಿಯನ್ನೆಲ್ಲ ಹಾಳು ಮಾಡುತ್ತದೆ. ಒಂದೊಂದನ್ನೇ ನೋಡಿ ಆರಿಸಲು ಅಂಗಡಿಯವರು ಬಿಟ್ಟರೆ ಒಳ್ಳೆಯದು. ಹೂರಣಕ್ಕೆ ಹಸಿ ಕಾಯಿಯೋ ಕೊಬ್ಬರಿಯೋ ಎಂದು ಕೇಳಲು ಮರೆಯಬೇಡಿ: ಕೊಬ್ಬರಿಯದ್ದು ಎರಡು ವಾರ ಬಾಳುತ್ತದೆ, ಹಸಿ ಕಾಯಿ ಹುರಿದದ್ದು ಅಷ್ಟು ದಿನ ನಿಲ್ಲುವುದಿಲ್ಲ.

ಈಗ ಕೆಂಪು. ಕುಸ್ವಾರ್‌ನಲ್ಲಿ ಹುಟ್ಟುಗುಣದಿಂದಲೇ ಕೆಂಪಾದದ್ದು ಒಂದೇ, ಪೆರಾದ್. ಪೇರಳೆ ಹಣ್ಣಿನ ತಿರುಳನ್ನು ಸಕ್ಕರೆಯೊಂದಿಗೆ ಗಂಟೆಗಟ್ಟಲೆ ಮಗುಚಿ ಗಟ್ಟಿ ಮಾಡಿ ತುಂಡು ಮಾಡಿದ್ದು. ಇದರ ಬಣ್ಣದಲ್ಲೇ ಕೊಳ್ಳುವವರು ಮೋಸ ಹೋಗುವುದು ಹೆಚ್ಚು. ಒಳಗೆ ಗುಲಾಬಿ ಬಣ್ಣದ ಪೇರಳೆಯಿಂದ ಮಾಡಿದ ಪೆರಾದ್ ಇಟ್ಟಿಗೆಗೆಂಪು. ಬಿಳಿ ತಿರುಳಿನ ಪೇರಳೆಯಿಂದ ಮಾಡಿದರೆ ಜೇನುತುಪ್ಪದ ಕಂದು, ಹಾಗಾಗಿ ಅದಕ್ಕೆ ಬಣ್ಣ ಸೇರಿಸುವವರಿದ್ದಾರೆ. ತೆಳ್ಳಗಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಣ್ಣಿನ ಬಣ್ಣವಾದರೆ ಅಂಚಿನಲ್ಲಿ ಬೆಳಕು ಹಾಯ್ದು ಕೆಂಡದಂತೆ ಕಾಣುತ್ತದೆ, ನಡುವೆ ಗಾಢ, ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಲಿಪ್‌ಸ್ಟಿಕ್‌ನಂತೆ ಅಂಚಿನಿಂದ ಅಂಚಿಗೆ ಒಂದೇ ಕೆಂಪಿದ್ದರೆ ಅದು ಬಾಟಲಿಯ ಬಣ್ಣ. ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಹತ್ತು ನಿಮಿಷ ಇಟ್ಟರೆ ಇನ್ನಷ್ಟು ಸ್ಪಷ್ಟ: ಬಾಟಲಿಯ ಬಣ್ಣ ಸಾಮಾನ್ಯವಾಗಿ ಗುಲಾಬಿ ಉಂಗುರ ಬಿಡುತ್ತದೆ, ಹಣ್ಣಿನದ್ದು ಅಂಟು ಬಿಡುತ್ತದೆ ಅಷ್ಟೆ. ಬೋರ್ಡಿನ ಮೇಲೆ ಮಾಕರೂನ್‌ಗೆ ಆಗುವ ಗತಿಯೂ ಆ ಟಿಶ್ಯೂವಿನದ್ದೇ.

ಮನೆಯಲ್ಲೇ ಮಾಡುವವರಿಗೆ ಅಳತೆ: ಸೋಸಿದ ತಿರುಳು ಒಂದು ಕಿಲೋ, ಸಕ್ಕರೆ 800 ಗ್ರಾಂ, ಎರಡು ಲಿಂಬೆಯ ರಸ, ಬೆಣ್ಣೆ 50 ಗ್ರಾಂ. ತಳ ಬಿಟ್ಟು ಒಂದೇ ಮುದ್ದೆಯಾಗಿ ಸುತ್ತುವವರೆಗೆ ಮಗುಚಿ, ಬೆಣ್ಣೆ ಸವರಿದ ತಟ್ಟೆಗೆ ಹರಡಿ, ಒಂದು ದಿನ ಬಿಟ್ಟು ಕತ್ತರಿಸಿ. ಮುದ್ದೆ ಕೂಡುವ ಮೊದಲೇ ಇಳಿಸಿದರೆ ಎಷ್ಟು ದಿನ ಕಾದರೂ ಜಾಮ್ ಆಗಿಯೇ ಉಳಿಯುತ್ತದೆ. ತುಂಡುಗಳನ್ನು ಸಕ್ಕರೆಯಲ್ಲಿ ಹೊರಳಿಸುವ ಪದ್ಧತಿ ಕೆಲವು ಕಡೆ ಇದೆ, ನಮ್ಮ ಹವೆಗೆ ಅದು ಬೇಡ. ಸಕ್ಕರೆ ನೀರೆಳೆದು ಅರ್ಧ ಗಂಟೆಯಲ್ಲಿ ತುಂಡು ಬೆವರುತ್ತದೆ.

ಪೆರಾದ್ ಜೊತೆಗೆ ನಿಲ್ಲುವ ಇನ್ನೊಂದು ಕೆಂಪು ನಮ್ಮ ಪುನರ್ಪುಳಿ (ಕೋಕಂ). ಇದರ ಜೆಲ್ಲಿ ಬೇಕರಿಯಲ್ಲಿ ಸಿಗುವುದಿಲ್ಲ, ಆದರೆ ಬೋರ್ಡಿನ ಮೇಲೆ ಮಾಣಿಕ್ಯದ ಹರಳಿನಂತೆ ಕೂರುವುದು ಇದೊಂದೇ. ಉಪ್ಪು ಹಾಕದ ಒಣಸಿಪ್ಪೆ 30 ಗ್ರಾಂ ಬೇಕು. ಸಾರಿಗೆಂದು ಉಪ್ಪು ಹಾಕಿ ಒಣಗಿಸಿದ್ದೂ ಅಂಗಡಿಯಲ್ಲಿ ಇರುತ್ತದೆ, ಕೇಳಿ ತನ್ನಿ. 200 ಮಿಲಿ ಲೀಟರ್ ಬಿಸಿನೀರಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ, 150 ಗ್ರಾಂ ಸಕ್ಕರೆ ಕರಗಿಸಿ. ಬೇರೆ ಸ್ಟೀಲ್ ಪಾತ್ರೆಯಲ್ಲಿ 8 ಗ್ರಾಂ ಚೈನಾ ಗ್ರಾಸನ್ನು 300 ಮಿಲಿ ಲೀಟರ್ ನೀರಲ್ಲಿ ಒಂದು ಎಳೆಯೂ ಉಳಿಯದಂತೆ ಕುದಿಸಿ. ಒಲೆಯಿಂದ ಇಳಿಸಿದ ಮೇಲಷ್ಟೇ ಪುನರ್ಪುಳಿ ನೀರು ಸೇರಿಸಬೇಕು. ಎರಡನ್ನೂ ಒಟ್ಟಿಗೆ ಕುದಿಸಿದರೆ ಹುಳಿಯ ಆಮ್ಲ ಚೈನಾ ಗ್ರಾಸಿನ ಹಿಡಿತ ಸಡಿಲಿಸಿ ಜೆಲ್ಲಿ ಕಟ್ಟುವುದಿಲ್ಲ. ಚೈನಾ ಗ್ರಾಸ್ ಬದಲು ಜೆಲಾಟಿನ್ ಬಳಸಬಹುದೇ ಎಂದರೆ, ಮಂಗಳೂರಲ್ಲಿ ಬೇಡ. ಡಿಸೆಂಬರ್‌ನಲ್ಲೂ ಹಗಲು 32 ಡಿಗ್ರಿ ದಾಟುತ್ತದೆ, ಜೆಲಾಟಿನ್ ಆ ಶಾಖಕ್ಕೇ ಸಡಿಲಾಗಿ ಕುಸಿಯುತ್ತದೆ. ಕಟ್ಟಿದ ಚೈನಾ ಗ್ರಾಸ್ ಮತ್ತೆ ಕರಗಲು 80 ಡಿಗ್ರಿಗೂ ಮೇಲಿನ ಬಿಸಿ ಬೇಕು.

ಖಾರದ ಕೆಂಪಿಗೆ ಬ್ಯಾಡಗಿ ಮೆಣಸಿನ ಪುಡಿ ಹಚ್ಚಿದ ಗೋಡಂಬಿ. ಕಾಲು ಕಿಲೋ ಗೋಡಂಬಿಯನ್ನು ಎರಡು ಚಮಚ ತುಪ್ಪದಲ್ಲಿ ಹದವಾಗಿ ಹುರಿದು, ಒಲೆ ಆರಿಸಿದ ಮೇಲೆ ಒಂದೂವರೆ ಚಮಚ ಪುಡಿ, ಉಪ್ಪು ಹಾಕಿ ಕಲಸಿ. ಬ್ಯಾಡಗಿಯ ಬಣ್ಣ ಕರಗುವುದು ಜಿಡ್ಡಿನಲ್ಲಿ, ನೀರಲ್ಲಿ ಅಲ್ಲ. ತುಪ್ಪ ಇಲ್ಲದೆ ಹಚ್ಚಿದರೆ ಪುಡಿ ಉದುರುತ್ತದೆ, ಉರಿಯಲ್ಲಿ ಹಚ್ಚಿದರೆ ಕಪ್ಪಾಗುತ್ತದೆ. ಇದನ್ನು ಸಣ್ಣ ಬಟ್ಟಲಲ್ಲೇ ಇಡಿ, ಬಿಳಿ ತಿಂಡಿಗೆ ತಾಗಿದ ಕಡೆ ಕಿತ್ತಳೆ ಕಲೆ ಬೀಳುತ್ತದೆ.

ಬಣ್ಣದ ಮಾತು ಬಂದದ್ದರಿಂದ ಲೇಬಲ್ ಬಗ್ಗೆ ಒಂದಿಷ್ಟು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೊಡಮಿನ್-ಬಿ ಸಿಕ್ಕಿತ್ತು. ಅದೇ ಜೂನ್‌ನಲ್ಲಿ ಕಬಾಬಿನ ಕೃತಕ ಬಣ್ಣಕ್ಕೂ ನಿಷೇಧ ಬಂತು. ಸಿಹಿತಿಂಡಿ, ಬಿಸ್ಕತ್ತಿನಂಥವುಗಳಿಗೆ ಅನುಮತಿ ಪಡೆದ ಕೆಲವೇ ಕೃತಕ ಬಣ್ಣಗಳನ್ನು ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಬಳಸಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಬಿಡುತ್ತದೆ. ಪೊಟ್ಟಣದ ಹಿಂದೆ 122, 124, 127 ಎಂಬ ಸಂಖ್ಯೆ ಇದ್ದರೆ ಕೃತಕ ಕೆಂಪು. 102 ಮತ್ತು 133 ಒಟ್ಟಿಗೆ ಇದ್ದರೆ ಹಳದಿ, ನೀಲಿ ಬೆರೆಸಿದ ಹಸಿರು. 162 ಬೀಟ್‌ರೂಟಿನದ್ದು, 140 ಎಲೆಯದ್ದು. 120 ಎಂದಿದ್ದರೆ ಅದು ಕೀಟದಿಂದ ತೆಗೆದ ಕೆಂಪು, ಸಸ್ಯಾಹಾರಿಗಳಿಗೆ ಆಗದು. ಬಿಡಿ ಕುಸ್ವಾರ್‌ಗೆ ಬಹಳ ಕಡೆ ಲೇಬಲ್ಲೇ ಇರುವುದಿಲ್ಲ. ಗಲ್ಲಾದಲ್ಲಿ ಬಾಯಿಬಿಟ್ಟು ಕೇಳುವುದಕ್ಕೆ ಸಂಕೋಚ ಬೇಡ.

ಕೇಕ್ ಮೇಲಿನ ಕೆಂಪು ಚೆರ್ರಿ ಬೋರ್ಡಿಗೆ ಬೇಕು ಅನಿಸಿದರೆ, ನಮ್ಮಲ್ಲಿ ಆ ಹೆಸರಲ್ಲಿ ಮಾರುವುದು ಹೆಚ್ಚಾಗಿ ಸಕ್ಕರೆ ಪಾಕದಲ್ಲಿ ಹಾಕಿದ ಕರಂಡೆ ಕಾಯಿ ಎಂಬುದು ತಿಳಿದಿರಲಿ. ಪಾಕ ತೊಳೆದು, ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಆರಿಸದೆ ಇಡಬೇಡಿ.

ಕಷ್ಟ ಇರುವುದು ಹಸಿರಿನಲ್ಲಿ. ತಿನ್ನುವ ಹಸಿರು ಯಾವುದೂ ಹೆಚ್ಚು ಹೊತ್ತು ಹಸಿರಾಗಿ ಉಳಿಯುವುದಿಲ್ಲ. ಹಾಗಾಗಿ ಅರ್ಧ ಹಸಿರನ್ನು ತಿನ್ನದ ಎಲೆಗೇ ಬಿಡುವುದು ಜಾಣತನ. ಬಾಳೆಲೆಯನ್ನು ಒರೆಸಿ, ಉರಿಯ ಮೇಲೆ ಹಾಯಿಸಿ ಬಾಡಿಸಿ ಹಲಗೆಗೆ ಹಾಸಿ. ಬಾಡಿಸಿದರೆ ಸೀಳುವುದಿಲ್ಲ, ಹಸಿರೂ ಗಾಢವಾಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಮಾತ್ರ ಕಂದು. ತೇವದ ತಿಂಡಿಗೆ ಹಲಸಿನ ಎಲೆಯ ಕೊಟ್ಟೆ. ಕಡುಬಿಗೆ ಕಟ್ಟುವ ಹಾಗೆಯೇ ನಾಲ್ಕು ಎಲೆ, ತೆಂಗಿನ ಕಡ್ಡಿ, ಆದರೆ ಎತ್ತರ ಎರಡು ಇಂಚು ಸಾಕು. ಪುನರ್ಪುಳಿ ಜೆಲ್ಲಿ, ದಾಳಿಂಬೆ ಕಾಳು ಇದರೊಳಗೆ ಕೂತರೆ ಸುತ್ತಲಿನ ಕಿಡ್ಯೊಗೆ ತೇವ ಹೋಗುವುದಿಲ್ಲ, ಕೆಂಪಿನ ಸುತ್ತ ಹಸಿರು ಅಂಚೂ ಆಯಿತು. ತೊಟ್ಟಿನ ಮೇಣ ಹೋಗುವಂತೆ ಮೊದಲೇ ತೊಳೆದಿಡಿ.

ತಿನ್ನುವ ಹಸಿರಿಗೆ ಚಟ್ನಿ ಸ್ಯಾಂಡ್‌ವಿಚ್‌ಗಿಂತ ಒಳ್ಳೆಯದು ಇಲ್ಲ. ಕೊತ್ತಂಬರಿ ದೊಡ್ಡ ಒಂದು ಕಟ್ಟು, ಪುದೀನ ಅರ್ಧ ಕಟ್ಟು, ಇವುಗಳನ್ನು ಕುದಿಯುವ ನೀರಲ್ಲಿ 15 ಸೆಕೆಂಡ್ ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ಕಾಯಿತುರಿ, ಹಸಿಮೆಣಸು, ಉಪ್ಪಿನೊಂದಿಗೆ ನೀರಿಲ್ಲದೆ ರುಬ್ಬಿ. ಲಿಂಬೆರಸ ಹಾಕುವುದು ಬ್ರೆಡ್ಡಿಗೆ ಹಚ್ಚುವ ಹೊತ್ತಿಗೆ, ಅದಕ್ಕೂ ಮೊದಲಲ್ಲ. ಹುಳಿ ತಾಗಿದರೆ ಎಲೆಯ ಹಸಿರಿನಲ್ಲಿರುವ ಮೆಗ್ನೀಸಿಯಂ ಬಿಟ್ಟುಹೋಗಿ ಬಣ್ಣ ಮಿಲಿಟರಿ ಹಸಿರಿಗೆ ತಿರುಗುತ್ತದೆ, ಬೆಳಿಗ್ಗೆ ಮಾಡಿದ ಚಟ್ನಿ ಸಂಜೆಗೆ ಮಂಕಾಗುವುದು ಇದರಿಂದ. ಬ್ರೆಡ್ಡಿನ ಎರಡೂ ಮುಖಕ್ಕೆ ಅಂಚಿನವರೆಗೆ ಬೆಣ್ಣೆ ಸವರಿದರೆ ಚಟ್ನಿಯ ನೀರು ಬ್ರೆಡ್ಡಿಗೆ ಇಳಿಯುವುದಿಲ್ಲ. ಬೀಟ್‌ರೂಟ್ ಪದರ ಸೇರಿಸಿ ಮೂರು ಬಣ್ಣ ಮಾಡುವವರಿಗೆ ಈ ಬೆಣ್ಣೆ ಇನ್ನೂ ಮುಖ್ಯ. ಇಲ್ಲದಿದ್ದರೆ ಬಿಳಿ ಪದರ ಇಡೀ ಗುಲಾಬಿ.

ಹಣ್ಣಿನಲ್ಲಿ ಕಾಯಿಗಟ್ಟಿದ ಪೇರಳೆ, ಮುಳ್ಳುಸೌತೆ, ಕಿವಿ. ಧಾರೆಹುಳಿ ಸಿಕ್ಕಿದರೆ ಬಿಡಲೇಬೇಡಿ, ಅಡ್ಡ ಕತ್ತರಿಸಿದ ಒಂದೊಂದು ಹೋಳೂ ನಕ್ಷತ್ರ, ಕ್ರಿಸ್‌ಮಸ್‌ಗೆ ಅದಕ್ಕಿಂತ ಒಪ್ಪುವ ಹಣ್ಣಿಲ್ಲ. ಏಣಿನ ಕಂದು ಅಂಚನ್ನು ಚಾಕುವಿನಿಂದ ಹೆರೆದು ಕತ್ತರಿಸಿ. ಮೂತ್ರಪಿಂಡದ ತೊಂದರೆ ಇರುವವರು ಇದನ್ನು ತಿನ್ನಬಾರದು, ಅಪಾಯ ನಿಜವಾದದ್ದು. ಅತಿಥಿಗಳಲ್ಲಿ ಅಂಥವರಿದ್ದರೆ ಬೋರ್ಡಿನಿಂದಲೇ ದೂರವಿಡಿ. ಹಸಿರು ದ್ರಾಕ್ಷಿಯ ಭರ್ತಿ ಕಾಲ ಡಿಸೆಂಬರ್ ಅಲ್ಲ, ಆಗ ಸಿಗುವುದು ಹುಳಿ.

ಹಲಗೆ ಯಾವುದು? ಹಲಸಿನ ಮರದ್ದು ಚೆಂದ, ಆದರೆ ಹೊಸ ಹಲಗೆ ಒದ್ದೆಯಾದರೆ ಹಳದಿ ಬಿಡುತ್ತದೆ, ಬಟ್ಟೆಗೆ ಬಣ್ಣ ಹಾಕಲು ಬಳಸುತ್ತಿದ್ದ ಮರ ಅದು. ಪೀಠೋಪಕರಣದ ವಾರ್ನಿಷ್ ಹಚ್ಚಿದ್ದು ಬೇಡ. ಅಡಿಕೆ ಹಾಳೆಯ ಟ್ರೇ ನಮ್ಮ ಜಿಲ್ಲೆಯದ್ದೇ, ಬಿಳಿ ತಿಂಡಿ ಅದರ ಮೇಲೆ ಎದ್ದು ಕಾಣುತ್ತದೆ. ಆದರೆ ಅದು ಎಣ್ಣೆ ಹೀರುತ್ತದೆ, ತೇವಕ್ಕೆ ಸೊಟ್ಟಗಾಗುತ್ತದೆ. ಅಡಿಕೆಯ ಅಂಶ ಆಹಾರಕ್ಕೆ ಇಳಿಯುತ್ತದೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿದ್ದೂ ಗಮನದಲ್ಲಿರಲಿ. ನಮ್ಮ ಮತ ಸ್ಟೀಲಿನ ದೊಡ್ಡ ಹರಿವಾಣ ಅಥವಾ ಹಳೆಯ ಮರದ ಹಲಗೆ, ಮೇಲೆ ಬಾಳೆಲೆ.

12 ಮಂದಿಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ ಸಾಕು. ಕಿಡ್ಯೊ 300 ಗ್ರಾಂ, ಮಾಕರೂನ್ ಮತ್ತು ಮಾರ್ಜಿಪಾನ್ ಸೇರಿ ಕಾಲು ಕಿಲೋ, ಕೊಕ್ಕಿಸಾಂ 15, ನೆವ್ರಿ 12, ಪೆರಾದ್ ಕಾಲು ಕಿಲೋ, ಮೇಲೆ ಹೇಳಿದ ಜೆಲ್ಲಿಯ ಅರ್ಧ, ಗೋಡಂಬಿ 200 ಗ್ರಾಂ, ಸಣ್ಣ ಸ್ಯಾಂಡ್‌ವಿಚ್ 24, ಹಣ್ಣು 400 ಗ್ರಾಂ. ತಲೆಗೆ ಸುಮಾರು 200 ಗ್ರಾಂ ಬರುತ್ತದೆ. ರಾತ್ರಿ ಊಟವೂ ಇದ್ದರೆ 120 ಗ್ರಾಂ ಸಾಕು. ಚಕ್ಕುಲಿ, ತುಕ್ಡಿ, ಗುಳಿಯೊಗಳಿಗೆ ಬೋರ್ಡಿನಲ್ಲಿ ಜಾಗ ಇಲ್ಲ. ಅವು ಪಕ್ಕದ ಡಬ್ಬಿಯಲ್ಲಿರಲಿ, ಕೈ ಅಲ್ಲಿಗೆ ತಾನಾಗಿ ಹೋಗುತ್ತದೆ.

ಜೋಡಿಸುವ ಕ್ರಮದಲ್ಲಿ ಒಂದೇ ನಿಯಮ: ತೇವದ್ದು ಮೊದಲು, ಸಕ್ಕರೆಯದ್ದು ಕೊನೆಗೆ. ಎಲೆ ಹಾಸಿ, ಕೊಟ್ಟೆ ಮತ್ತು ಬಟ್ಟಲುಗಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಿ. ಅವುಗಳಿಗೆ ಆನಿಸಿ ಸ್ಯಾಂಡ್‌ವಿಚ್ ನಿಲ್ಲಿಸಿ, ಕತ್ತರಿಸಿದ ಮುಖ ಹೊರಗೆ. ಪೆರಾದ್ ತುಂಡುಗಳನ್ನು ಒಂದೇ ಕಡೆ ಗುಂಪಾಗಿಡಿ, ಚದುರಿಸಿದರೆ ಕೆಂಪು ಕಾಣುವುದೇ ಇಲ್ಲ. ನೆವ್ರಿಯನ್ನು ಒಂದರ ಮೇಲೊಂದು ಓರೆಯಾಗಿ ಸಾಲಾಗಿ ಜೋಡಿಸಿ. ಹಣ್ಣನ್ನು ಅರ್ಧ ಗಂಟೆ ಮುಂಚೆ ಕತ್ತರಿಸಿ ಬಟ್ಟೆಯ ಮೇಲೆ ಹರಡಿ ಒರೆಸಿದ ಮೇಲಷ್ಟೇ ತನ್ನಿ. ಕೊಕ್ಕಿಸಾಂ, ಕಿಡ್ಯೊ, ಮಾಕರೂನ್ ಡಬ್ಬಿಯಿಂದ ಹೊರಬರುವುದು ಅತಿಥಿಗಳು ಗೇಟು ತೆರೆಯುವ ಹೊತ್ತಿಗೆ, ಅದೂ ಅರ್ಧ ಮಾತ್ರ. ಉಳಿದರ್ಧ ಒಂದು ಗಂಟೆಯ ನಂತರ ಹಾಕಿದರೆ ಕೊನೆಗೆ ಬಂದವರಿಗೂ ಗರಿಗರಿ ಸಿಗುತ್ತದೆ. ಸ್ಯಾಂಡ್‌ವಿಚ್, ಕತ್ತರಿಸಿದ ಹಣ್ಣು ಎರಡು ಗಂಟೆ ದಾಟಿದರೆ ತೆಗೆದುಬಿಡಿ.

ಸಿದ್ಧ ಬೋರ್ಡ್ ಕಟ್ಟಿಕೊಡುವ ಮನೆ ಬೇಕರಿಗಳೂ ಈಗ ಇವೆ. ಆರ್ಡರ್ ಕೊಡುವಾಗ ಎರಡು ಮಾತು ಖಚಿತ ಮಾಡಿಕೊಳ್ಳಿ. ಒಂದು, ತೇವದ ತಿಂಡಿ ಬೇರೆ ಡಬ್ಬಿಯಲ್ಲಿ ಬರಬೇಕು. ಇಡೀ ಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ತಂದರೆ ಹಣ್ಣಿನ ಬೆವರು ಒಳಗೇ ನಿಂತು ಕರಿದದ್ದೆಲ್ಲ ಮೆತ್ತಗಾಗಿರುತ್ತದೆ, ಕಂಕನಾಡಿಯಿಂದ ಸುರತ್ಕಲ್‌ಗೆ ಹೋಗುವಷ್ಟರಲ್ಲೇ. ಎರಡು, ಮೊಟ್ಟೆ. ಕೊಕ್ಕಿಸಾಂ, ಮಾಕರೂನ್, ಮಾರ್ಜಿಪಾನ್‌ಗೆ ಮೊಟ್ಟೆ ಬೀಳುವುದು ರೂಢಿ, ಕಿಡ್ಯೊಗೂ ಹಲವರು ಹಾಕುತ್ತಾರೆ. ಮೊಟ್ಟೆ ತಿನ್ನದ ಅತಿಥಿಗಳಿದ್ದರೆ, ಉಡುಪಿ ಕಡೆ ಇದು ಸಾಮಾನ್ಯ, ಅವರಿಗೆ ಚಿಕ್ಕದೊಂದು ಬೇರೆ ಹರಿವಾಣ ಮಾಡಿ: ಪೆರಾದ್, ಪುನರ್ಪುಳಿ ಜೆಲ್ಲಿ, ಗೋಡಂಬಿ, ಕೇಳಿ ತಿಳಿದ ನೆವ್ರಿ, ಬಿಳಿಗೆ ಕಾಯಿ ಬರ್ಫಿ. ಒಂದೇ ಬೋರ್ಡಿನ ಒಂದು ಮೂಲೆಯನ್ನು ಅವರಿಗೆಂದು ಬಿಟ್ಟರೆ ಚಮಚ, ಪುಡಿ ಎಲ್ಲ ಬೆರೆತುಹೋಗುತ್ತದೆ.

ಉಳಿದದ್ದನ್ನು ಒಟ್ಟಿಗೆ ಸುರಿಯಬೇಡಿ. ಮೆತ್ತಗಾದ ಕೊಕ್ಕಿಸಾಂ 110 ಡಿಗ್ರಿ ಓವನ್‌ನಲ್ಲಿ ಎಂಟು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತದೆ. ಪಾಕದ ಕಿಡ್ಯೊಗೆ ಓವನ್ ಆಗದು, ಸಕ್ಕರೆ ಅಂಟಾಗುತ್ತದೆ. ಹುರಿದು ಆರಿಸಿದ ಅಕ್ಕಿಯ ಒಂದು ಸಣ್ಣ ಬಟ್ಟೆ ಗಂಟು ತಳದಲ್ಲಿಟ್ಟು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಹೊಸ ವರ್ಷದವರೆಗೂ ನಿಲ್ಲುತ್ತದೆ.